ಹನ್ನೆರಡನೆಯ ವಾರದ ರಕ್ತ

ಪೋರ್ಟೇಜ್ ಕೌಂಟಿ, ವಿಸ್ಕಾನ್ಸಿನ್
೧೪ ಸೆಪ್ಟೆಂಬರ್ ೧೯೮೬

ಲುಡ್ಕಾ,

ನಿನ್ನ ಕಾಗದ ಗುರುವಾರ ಬಂತು. ಒಂದೂವರೆ ಪುಟ, ಅದರಲ್ಲಿ ಅರ್ಧ ಪುಟ ಹವಾಮಾನ. ಮಿಲ್ವಾಕಿಯಲ್ಲಿ ಎಷ್ಟು ಬಿಸಿಲಿದೆ ಎಂಬುದನ್ನು ರೇಡಿಯೊದವನು ದಿನಾ ಹೇಳುತ್ತಾನೆ, ಅದಕ್ಕೆ ಮಗಳೇ ಬೇಕಿಲ್ಲ. ಹೇಳಬೇಕಾದದ್ದನ್ನು ಮಾತ್ರ ಕೊನೆಯ ಸಾಲಿನಲ್ಲಿ, ಹಾಲಿನವನಿಗೆ ಚೀಟಿ ಬರೆದಿಟ್ಟ ಹಾಗೆ ಬರೆದಿದ್ದೀಯ: ಏಪ್ರಿಲ್ ತಿಂಗಳಲ್ಲಿ ನನಗೊಂದು ಪದಕ ಕೊಡುತ್ತಾರಂತೆ.

ಅಂತೆ ಏನು ಬಂತು? ಕೊಡುತ್ತಾರೋ ಇಲ್ಲವೋ? ಕೊಡುತ್ತಾರೆ ಎಂದೇ ತಿಳಿದು ನಾನು ಇವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ಹೇಳಿದೆ. ಕೋಟಿನ ಬಟ್ಟೆಯನ್ನೂ ತಂದಾಗಿದೆ, ಕಡುನೀಲಿ. ಫ್ಲೋರೆಂಟಿನಾ ಅಷ್ಟು ಜನರ ಮುಂದೆ ಕೇಳಿದಳು, "ಏನ್ ಜೆನೊವೆಫಾ, ಹೊಸ ಕೋಟಂತೆ! ಪದಕ ಮಗಳಿಗೋ ನಿಂಗೋ?"

"ಬಾತು ಯಾರ್ದು?" ಎಂದೆ.

"ನಿಂದೇ ಕಣೆ."

"ಹಾಗಿದ್ಮೇಲೆ ಅರ್ಧ ಪದಕ ನಂದು."

ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಬೂಷ್ಟು ಹಿಡಿದ ಜೋಳ ತಿಂದು ಲಿವರ್ ಕೆಟ್ಟದ್ದು ನಮ್ಮ ಬಾತುಗಳದ್ದು. ಒಳ್ಳೆಯ ಕಾಳು ತಿಂದು ವಾಸಿಯಾದದ್ದೂ ಅವುಗಳೇ. ವಾಸಿಯಾದ ಲಿವರ್ ಹನ್ನೆರಡನೆಯ ವಾರದಲ್ಲಿ ಮತ್ತೊಮ್ಮೆ ಸೋಲುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಂತುಹೋಗುತ್ತದೆ ಎಂದು ನೀನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ಹಿತ್ತಲಿನ ರಕ್ತದಿಂದ. ನಿನ್ನ ಆ ಲೇಖನ ಇಪ್ಪತ್ತಮೂರು ವರ್ಷದಿಂದ ನಡುಮನೆಯಲ್ಲಿ, ದೇವಮಾತೆಯ ಚಿತ್ರಕ್ಕೂ ನಿನ್ನ ಅಪ್ಪನ ಫೋಟೊಕ್ಕೂ ನಡುವೆ, ಗಾಜಿನೊಳಗಿದೆ. ಶನಿವಾರ ಶನಿವಾರ ಒರೆಸುತ್ತೇನೆ.

ಸಮಾರಂಭದಲ್ಲಿ ನನ್ನ ಕುರ್ಚಿ ಯಾವ ಸಾಲಿನಲ್ಲಿ ಎಂದು ತಿಳಿಸು. ಕಿವಿ ಮೊದಲಿನಂತಿಲ್ಲ.

ಅಮ್ಮ


ಮಿಲ್ವಾಕಿ
೨೮ ಸೆಪ್ಟೆಂಬರ್

ಅಮ್ಮಾ,

ಕೋಟನ್ನು ಈಗಲೇ ಹೊಲಿಸಬೇಡ. ಪದಕದ ಮಾತು ಸದ್ಯಕ್ಕೆ ನಿಂತಿದೆ.

ನನ್ನ ಪ್ರಯೋಗಾಲಯದಲ್ಲಿ ಎಟಿಯೆನ್ ಗಾಡ್ರೋ ಎಂಬ ತರುಣನಿದ್ದಾನೆ. ಕ್ವಿಬೆಕ್‌ನವನು, ಮೆದು ಮಾತಿನವನು, ಕೆಲಸದಲ್ಲಿ ಹಟಮಾರಿ. ಹೊಸ ಉಪಕರಣಗಳಿಂದ ನನ್ನ ಹಳೆಯ ಬಾತುಗಳ ಪ್ರಯೋಗವನ್ನು ಮತ್ತೆ ಮಾಡಿದ. ಎಂಟನೆಯ ವಾರದವರೆಗೆ ಎಲ್ಲವೂ ನಾನು ಬರೆದ ಹಾಗೆಯೇ ಬಂತು. ಲಿವರ್ ವಾಸಿಯಾಯಿತು, ರಕ್ತ ಹೆಪ್ಪುಗಟ್ಟತೊಡಗಿತು. ಆದರೆ ಹನ್ನೆರಡನೆಯ ವಾರದಲ್ಲಿ ಏನೂ ಆಗಲಿಲ್ಲ. ರಕ್ತ ಸರಿಯಾಗಿಯೇ ಹೆಪ್ಪುಗಟ್ಟಿತು. ಮೂರು ಸಲ ಮಾಡಿದ. ಮೂರು ಸಲವೂ ಹಾಗೆಯೇ.

ಪದಕದ ಸಮಿತಿಯವರು ಈಗ ನನ್ನ ೧೯೬೨ರ ದಾಖಲೆ ಪುಸ್ತಕ ತರಿಸಿಕೊಂಡಿದ್ದಾರೆ. ತಪ್ಪು ಇದೆಯೋ ಇಲ್ಲವೋ ಎಂದು ಅವರಿಗಿಂತ ಮೊದಲು ನನಗೆ ಗೊತ್ತಾಗಬೇಕು. ನನ್ನ ಹೆಸರಿನ ಪ್ರಶ್ನೆ ಒಂದು ಕಡೆ. ಇನ್ನೊಂದು ಕಡೆ, ಆ 'ಎರಡನೆಯ ಸೋಲ'ನ್ನು ನಂಬಿ ಕೆಲವು ವೈದ್ಯರು ಲಿವರ್ ವಾಸಿಯಾದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡದೆ ತಿಂಗಳುಗಟ್ಟಲೆ ಕಾಯಿಸುತ್ತಾರೆ.

ನಿನಗೆ ಒಂದೇ ಪ್ರಶ್ನೆ. ಆ ವರ್ಷ ಡಿಸೆಂಬರ್ ಹನ್ನೆರಡರಂದು, ನಾನು ಬಾರದೆ ಇದ್ದಾಗ, ರಕ್ತ ತೆಗೆದವಳು ನೀನು. ಹೇಗೆ ತೆಗೆದೆ? ಬಾಟಲಿಗಳನ್ನು ಏನು ಮಾಡಿದೆ? ಸಣ್ಣ ಸಂಗತಿಯನ್ನೂ ಬಿಡದೆ ಬರೆ. ಚರ್ಚಿನಲ್ಲಿ ಯಾರಿಗೂ ಹೇಳಬೇಡ.

ಲುಡ್ಕಾ


೩ ಅಕ್ಟೋಬರ್

ಲುಡ್ಕಾ,

ಐವತ್ತು ವರ್ಷ ಈ ಕೈ ಬಾತು ಕೊಯ್ದಿದೆ. ಏನು ಮಾಡಿದೆ ಎಂದು ನನ್ನನ್ನು ಕೇಳುತ್ತೀಯಾ? ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಒಂದು ತೊಟ್ಟು ನೆಲಕ್ಕೆ ಬೀಳಲಿಲ್ಲ. ಅಂದು ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಚಳಿಯಿತ್ತು. ನಿನ್ನ ಅಪ್ಪ "ಅವ್ಳೇ ಬರ್ಲಿ ಬಿಡೇ, ನೀನ್ಯಾಕೆ ಸಾಯ್ತೀಯ" ಎಂದರೂ ಕೇಳದೆ ಶೆಡ್ಡಿಗೆ ಹೋದವಳು ನಾನು. ನೀನು ಬರಲಿಲ್ಲ. ಎರಡೇ ಸಾಲಿನ ಚೀಟಿ ಬಂತು: "ಬುಧವಾರ ರಕ್ತ ಬೇಕು. ನಾನು ಬರುವುದಿಲ್ಲ." ನೋಡಬೇಕಿದ್ದರೆ ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಮೂರು ಸಲ ಮಾಡಿ ಸರಿ ಬರಲಿಲ್ಲ ಎಂದರೆ ಮೂರು ಸಲವೂ ಅವನೇ ತಪ್ಪು ಮಾಡಿರಬಹುದು. ಅಂಗಡಿಯ ಬಾತೋ ಏನೋ. ಆ ಹುಡುಗನ ವಿಳಾಸ ನಿನ್ನದೇ ತಾನೇ?

ಅಮ್ಮ


೬ ಅಕ್ಟೋಬರ್

ಶ್ರೀ ಎಟಿಯೆನ್ ಗಾಡ್ರೋ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಿಮಗೆ ಕೆಲಸ ಕಲಿಸುತ್ತಿರುವ ಡಾಕ್ಟರ್ ಲುಡ್ವಿಕಾ ವೊಯ್ಟಾಸಿಕ್ ಅವರ ತಾಯಿ ನಾನು. ೧೯೨೮ರಲ್ಲಿ ಹೈಸ್ಕೂಲು ಮುಗಿಸಿದವಳು. ನಮ್ಮ ಕಡೆ ಆಗ ಅಷ್ಟು ಓದಿದ ಹೆಣ್ಣುಮಕ್ಕಳು ನಾಲ್ಕೇ ಜನ. ಆದ್ದರಿಂದ ಬಾಟಲಿ ಹಿಡಿಯಲು ಬಾರದ ಹೆಂಗಸು ಎಂದು ನೀವು ತಿಳಿಯಬಾರದು.

ನನ್ನ ಮಗಳು ಮರ್ಯಾದೆಗೆ ಅಂಜಿ ನಿಮಗೆ ಹೇಳಲಾರಳು, ನಾನು ಹೇಳುತ್ತೇನೆ. ಆ ದಿನದ ಕೆಲಸದಲ್ಲಿ ಕೊಳೆಯೇನಾದರೂ ಇದ್ದರೆ ಅದು ನಿಮ್ಮವರ ಕಡೆಯಿಂದ ಬಂದದ್ದು. ವಿಶ್ವವಿದ್ಯಾಲಯದ ಹನ್ನೆರಡು ಬಾಟಲಿ ಬಸ್ಸಿನಲ್ಲಿ ಬಂದವು. ಮುಚ್ಚಳ ತೆಗೆದು ನೋಡಿದರೆ ಪ್ರತಿಯೊಂದರ ತಳದಲ್ಲೂ ಬಿಳಿ ಪುಡಿ! ಅಷ್ಟು ದೊಡ್ಡ ಜಾಗದಲ್ಲಿ ಬಾಟಲಿ ತೊಳೆಯಲು ಒಬ್ಬರೂ ಇಲ್ಲವೇ ಎಂದು ನನಗೇ ನಾಚಿಕೆಯಾಯಿತು. ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಒಲೆಯ ಮೇಲೆ ಬೋರಲು ಹಾಕಿ ಒಣಗಿಸಿದೆ. ಆಮೇಲೆ ಪ್ರತಿ ಬಾಟಲಿಗೂ ಒಂದೊಂದು ಚಮಚ ಒಳ್ಳೆಯ ಸೇಬಿನ ವಿನೆಗರ್ ಹಾಕಿದೆ. ಕೊಯ್ದ ಬಾತಿನ ರಕ್ತ ಬಿದ್ದ ಕೂಡಲೇ ಗಟ್ಟಿಯಾಗದಿರಲು ಪಾತ್ರೆಗೆ ಮೊದಲು ವಿನೆಗರ್ ಹಾಕಬೇಕು ಎಂಬುದು ನಮ್ಮ ಪೋಲಿಷ್ ಮನೆಗಳ ಹೆಣ್ಣುಮಕ್ಕಳಿಗೆ ಏಳನೆಯ ವಯಸ್ಸಿಗೇ ಗೊತ್ತು. ಬಾತಿನ ರಕ್ತದ ಕಪ್ಪು ಸಾರು ಮಾಡುವುದೇ ಹಾಗೆ. ನಿಮ್ಮ ತಾಯಿ ಅದನ್ನು ನಿಮಗೆ ಕಲಿಸಿಲ್ಲದಿದ್ದರೆ ಅದು ನನ್ನ ಮಗಳ ತಪ್ಪಲ್ಲ.

ಹನ್ನೆರಡು ಬಾಟಲಿಗಳಲ್ಲಿ ಒಂದರಲ್ಲಿಯೂ ಒಂದು ಗಂಟು ಕೂಡ ಇರಲಿಲ್ಲ. ಅಷ್ಟು ಶುದ್ಧವಾಗಿ ಕಳಿಸಿದೆ. ಇನ್ನು ನೀವು ನಿಮ್ಮ ಬಾಟಲಿಗಳನ್ನು ನೋಡಿಕೊಳ್ಳಿ.

ಜೆನೊವೆಫಾ ವೊಯ್ಟಾಸಿಕ್


೨ ನವೆಂಬರ್

ಲುಡ್ಕಾ,

ನಾಲ್ಕು ವಾರವಾಯಿತು. ನಿನ್ನಿಂದಲೂ ಇಲ್ಲ, ಆ ಹುಡುಗನಿಂದಲೂ ಇಲ್ಲ. ಅವನಿಗೆ ಎರಡು ಮಾತು ಖಾರವಾಗಿಯೇ ಬರೆದಿದ್ದೆ. ನಿನಗೆ ಹೇಳಿರಬಹುದು. ನನಗೇನೂ ಬೇಸರವಿಲ್ಲ.

ಇವತ್ತು ಸತ್ತವರ ದಿನ. ನಿನ್ನ ತಮ್ಮ ಝೆನೆಕ್ ಟ್ರಕ್ಕಿನಲ್ಲಿ ಸ್ಮಶಾನಕ್ಕೆ ಕರೆದುಕೊಂಡು ಹೋದ. ಅಪ್ಪನ ಕಲ್ಲನ್ನು ತೊಳೆದು ದೀಪ ಹಚ್ಚಿದೆವು. ಗಾಳಿಗೆ ಎರಡು ಸಲ ಆರಿತು. ಝೆನೆಕ್ "ಬಿಡಮ್ಮ, ಅಪ್ಪಂಗೆ ಕತ್ಲೆ ಅಂದ್ರೆ ಭಯ ಇರ್ಲಿಲ್ಲ" ಎಂದ. ಮೂರನೆಯ ಸಲ ಹಚ್ಚಿಯೇ ಬಂದೆ.

ಫ್ಲೋರೆಂಟಿನಾ ಪದಕದ ದಿನ ಗೊತ್ತಾಯಿತೇ ಎಂದು ಕೇಳಿದಳು. ಇನ್ನೂ ಕಾಗದ ಬಂದಿಲ್ಲ ಎಂದೆ. ಅದು ನಿಜ ತಾನೇ?

ಕೆಲಸ ಹೆಚ್ಚಿದ್ದರೆ ಹವಾಮಾನವನ್ನಾದರೂ ಬರೆ.

ಅಮ್ಮ


ಮಿಲ್ವಾಕಿ
೧೨ ನವೆಂಬರ್

ಅಮ್ಮಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಕಾಗದವನ್ನು ಎಟಿಯೆನ್ ಯಾರಿಗೂ ತೋರಿಸಲಿಲ್ಲ. ಮಡಿಸಿ ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮ ಮನೆ ಕಾಗ್ದ ಮೇಡಂ, ನನ್ನತ್ರ ಇರ್ಬಾರ್ದು" ಎಂದು ಹೇಳಿ ಊಟಕ್ಕೆ ಹೋದ. ಮತ್ತೆ ಆ ವಿಷಯ ಎತ್ತಿಲ್ಲ. ಕಾಯುತ್ತಿದ್ದಾನೆ. ನಾನು ಏನು ಮಾಡುತ್ತೇನೆ ಎಂದು ನೋಡುತ್ತಿದ್ದಾನೆ.

ಆ ಬಿಳಿ ಪುಡಿ ಕೊಳೆಯಲ್ಲ. ಅಳತೆ ಮಾಡಿ ಹಾಕಿದ ಒಂದು ಬಗೆಯ ಉಪ್ಪು. ರಕ್ತವನ್ನು ಕೆಡಿಸದೆ, ನಿದ್ದೆ ಬರಿಸಿದ ಹಾಗೆ, ನೀರಾಗಿಯೇ ಇಡುತ್ತದೆ. ಪ್ರಯೋಗಾಲಯದಲ್ಲಿ ಬೇರೊಂದು ದ್ರಾವಣದ ಹನಿ ಹಾಕಿದರೆ ರಕ್ತ ಎಚ್ಚರಗೊಂಡು ಹೆಪ್ಪುಗಟ್ಟತೊಡಗುತ್ತದೆ. ಎಷ್ಟು ಸೆಕೆಂಡಿನಲ್ಲಿ ಎಂದು ನಾವು ಎಣಿಸುತ್ತೇವೆ. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ಆ ಎಣಿಕೆ ಹೇಳುತ್ತದೆ. ವಿನೆಗರ್ ಹಾಗಲ್ಲ. ಅದು ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶವನ್ನೇ ಸುಟ್ಟುಬಿಡುತ್ತದೆ. ಸಾರಿಗೆ ಅದೇ ಸರಿ. ಆದರೆ ಆ ರಕ್ತವನ್ನು ಮತ್ತೆ ಯಾರೂ ಎಚ್ಚರಗೊಳಿಸಲಾರರು.

ಎರಡನೆಯ ಸೋಲು ಎಂಬುದು ಇಲ್ಲ, ಅಮ್ಮ. ನಮ್ಮ ಬಾತುಗಳು ವಾಸಿಯಾಗಿದ್ದವು. ಹನ್ನೆರಡನೆಯ ವಾರದಲ್ಲಿ ಸೋತದ್ದು ಲಿವರ್ ಅಲ್ಲ. ಬಾಟಲಿಯಲ್ಲಿ ಇದ್ದದ್ದು ನಿನ್ನ ಒಂದು ಚಮಚ ವಿನೆಗರ್.

ನಿನ್ನ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ನಿನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವಳು ನಾನು. ದಾಖಲೆ ಪುಸ್ತಕದ ತೊಂಬತ್ತೊಂದನೆಯ ಪುಟದಲ್ಲಿ 'ರಕ್ತದ ಬಣ್ಣ ಕಂದು' ಎಂದು ಬರೆದು ಅದರ ಮೇಲೆ ಗೀಟು ಎಳೆದಿದ್ದೇನೆ. 'ಸಂಗ್ರಹಿಸಿದವರು' ಎಂಬಲ್ಲಿ ನನ್ನ ಹೆಸರಿನ ಎರಡು ಅಕ್ಷರ ಇದೆ. ರಕ್ತವನ್ನು ವಿದ್ಯಾರ್ಥಿಯೇ ತೆಗೆಯಬೇಕು ಎಂಬುದು ನಿಯಮವಾಗಿತ್ತು. ನಾನು ಹೋಗಿರಲಿಲ್ಲ, ಹೋದೆ ಎಂದು ಬರೆದೆ. ಸಮಿತಿಯವರಿಗೆ ಗೀಟು ಕಾಣಿಸಿದೆ, ಅಕ್ಷರದ ಸುಳ್ಳು ಕಾಣಿಸಿಲ್ಲ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಮುಚ್ಚಳ ತೆಗೆದಾಗ ನಮ್ಮ ಅಡುಗೆಮನೆಯ ವಾಸನೆ ಬಂತು. ಏನು ಹಾಕಿದೆ ಎಂದು ನಿನಗೆ ಒಂದು ಸಾಲು ಬರೆದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಊಟವಾಗಿ ಮೂರು ವಾರವಾಗಿತ್ತು. ನಿನಗೆ ಬರೆಯುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಕಿಟಕಿ ತೆರೆದು ವಾಸನೆ ಹೋಗುವವರೆಗೆ ಕಾದು ಕೆಲಸ ಶುರು ಮಾಡಿದೆ.

ಆ ಊಟದ ವಿಷಯ ನಾವು ಮಾತಾಡಿಯೇ ಇಲ್ಲ. ಹೆಣ್ಣು ಕೇಳಲು ಬಂದವನಿಗೆ ಕಪ್ಪು ಸಾರು ಬಡಿಸಿದರೆ 'ನಿನಗೆ ಕೊಡುವುದಿಲ್ಲ' ಎಂದು ಅರ್ಥ ಎಂಬುದು ಆಸ್ಮುಂಡ್‌ಗೆ ಹೇಗೆ ಗೊತ್ತಿರಬೇಕು? ಅವನು ನಾರ್ವೆಯವರ ಮಗ. ಬಟ್ಟಲು ಖಾಲಿ ಮಾಡಿ, "ಬಹಳ ಚೆನ್ನಾಗಿದೆ ಅಮ್ಮಾ, ಇನ್ನೊಂದ್ ಸೌಟು ಹಾಕಿ" ಎಂದ. ನೀನು ಹಾಕಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ವಾಪಸು ಹೋಗುವಾಗ ಕಾರಿನಲ್ಲಿ ಅವನಿಗೆ ಅರ್ಥ ಹೇಳಿದವಳು ನಾನೇ. ಮ್ಯಾಡಿಸನ್‌ನ ನನ್ನ ಹಾಸ್ಟೆಲ್ ಬರುವವರೆಗೆ ಅವನು ಮಾತಾಡಲಿಲ್ಲ. ಆಮೇಲೂ ಹೆಚ್ಚು ಮಾತಾಡಲಿಲ್ಲ.

ಸಮಿತಿ ಡಿಸೆಂಬರ್ ಒಂದರಂದು ಸೇರುತ್ತದೆ.

ಲುಡ್ಕಾ


೧೭ ನವೆಂಬರ್

ಲುಡ್ಕಾ,

ಓದಿದೆ. ಎರಡು ಸಲ ಓದಿದೆ.

ಸಮಿತಿಯವರು ಕೇಳಿದರೆ ನಾನು ಹೀಗೆ ಹೇಳುತ್ತೇನೆ: ನನಗೆ ಎಪ್ಪತ್ತಾರು. ನಿನ್ನೆ ಉಂಡದ್ದು ಇವತ್ತು ನೆನಪಿಲ್ಲ. ವಿನೆಗರ್, ಪುಡಿ, ಏನೋ ಕೋಪದಲ್ಲಿ ಬರೆದುಬಿಟ್ಟೆ. ಆ ಹುಡುಗನನ್ನು ಬೈಯಬೇಕಿತ್ತು, ಬಾಯಿಗೆ ಬಂದದ್ದು ಬರೆದೆ. ಮುದುಕಿಯ ಮಾತು ಎಂದರೆ ಯಾರು ಬೇಡ ಎನ್ನುತ್ತಾರೆ? ಆ ಕಾಗದವನ್ನು ಒಲೆಗೆ ಹಾಕು. ಅವನೂ ಬಾಯಿ ಬಿಡುವವನ ಹಾಗೆ ಕಾಣುವುದಿಲ್ಲ.

ನಾನು ಜೀವಮಾನದಲ್ಲಿ ಸುಳ್ಳು ಹೇಳಿದ್ದು ಕಡಿಮೆ. ಒಂದನ್ನು ಹೇಳುವ ಶಕ್ತಿ ಉಳಿದಿದೆ.

ಆದರೆ ನನಗೊಂದು ಅರ್ಥವಾಗುವುದಿಲ್ಲ. ಆ ಚಳಿಯಲ್ಲಿ ನಿಂತು ರಕ್ತ ತೆಗೆದವಳು ನಾನು. ಅಲ್ಲಿ ನೀನು ನಿನ್ನ ಹೆಸರು ಬರೆದುಕೊಂಡೆ. ಇಪ್ಪತ್ತನಾಲ್ಕು ವರ್ಷ ನಾನು 'ಬಾತು ನನ್ನವು' ಎಂದಷ್ಟೇ ಹೇಳಿಕೊಂಡು ತಿರುಗಿದೆ. 'ಕೆಲಸವೂ ನನ್ನದು' ಎಂದು ಹೇಳಬಹುದಿತ್ತು, ನಿನ್ನ ಹೆಸರಿಗೆ ಕಡಿಮೆಯಾಗಬಾರದು ಎಂದು ಹೇಳಲಿಲ್ಲ. ನಿನಗೆ ಅಮ್ಮನ ಹೆಸರು ಬರೆಯಲು ಅಷ್ಟು ಕಷ್ಟವಾಯಿತೇ?

ಇನ್ನೊಂದು ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಅಮ್ಮ


ಮಿಲ್ವಾಕಿ
೨೧ ನವೆಂಬರ್

ಅಮ್ಮಾ,

ಒಲೆಗೆ ಹಾಕಲಿಲ್ಲ. ಬುಧವಾರ ಸಮಿತಿಯ ಅಧ್ಯಕ್ಷರನ್ನು ಕಂಡು ನಿನ್ನ ಕಾಗದ, ತೊಂಬತ್ತೊಂದನೆಯ ಪುಟ ಎರಡನ್ನೂ ತೋರಿಸಿದೆ. ಅಕ್ಷರದ ಸುಳ್ಳನ್ನೂ ಹೇಳಿದೆ. ಅವರು ಒಳ್ಳೆಯವರು. "ಇಷ್ಟು ವರ್ಷ ಆದ್ಮೇಲೆ ಇದನ್ನೆಲ್ಲ ಹೇಳ್ಲೇಬೇಕಾ ಲುಡ್ವಿಕಾ?" ಎಂದು ಎರಡು ಸಲ ಕೇಳಿದರು. ಹೇಳಲೇಬೇಕು ಎಂದೆ. ಪದಕ ಇಲ್ಲ. ಲೇಖನವನ್ನು ಹಿಂದೆ ಪಡೆಯುತ್ತೇನೆ. ಆಮೇಲೆ ಇಪ್ಪತ್ತು ವರ್ಷ ಇಲಿಗಳ ಮೇಲೆ ಮಾಡಿದ ಕೆಲಸ ಉಳಿಯುತ್ತದೆ. ಇಲ್ಲದ ಸೋಲಿಗೆ ಕಾರಣ ಹುಡುಕುತ್ತ ಹೋಗಿ ಲಿವರ್ ಬಗ್ಗೆ ಬೇರೆ ಕೆಲವು ಸಂಗತಿ ಕಂಡಿದ್ದೆ. ಅವು ನಿಜ. ಎಟಿಯೆನ್ ಪರೀಕ್ಷಿಸಿದ್ದಾನೆ.

ನೀನು ನನಗಾಗಿ ಸುಳ್ಳು ಹೇಳಬೇಡ. ಲೇಖನ ಅಚ್ಚು ಮಾಡಿದ ಪತ್ರಿಕೆಯವರಿಗೆ ನಿನ್ನಿಂದ ಒಂದು ಹೇಳಿಕೆ ಬೇಕು. ಆ ದಿನ ನಡೆದದ್ದು, ನಡೆದ ಕ್ರಮದಲ್ಲಿ. ಬಿಟ್ಟದ್ದಿಲ್ಲ, ಸೇರಿಸಿದ್ದಿಲ್ಲ ಎಂದು ಕೊನೆಯಲ್ಲಿ ಸಹಿ. ಬರೆಯುವುದು ಬಿಡುವುದು ನಿನಗೆ ಸೇರಿದ್ದು.

ಹೆಸರು ಬರೆಯಲು ಕಷ್ಟವಾಯಿತೇ ಎಂದು ಕೇಳಿದ್ದೀಯ. ಆಗ, ಹೌದು.

ಲುಡ್ಕಾ


೨೭ ನವೆಂಬರ್, ಥ್ಯಾಂಕ್ಸ್‌ಗಿವಿಂಗ್

ಲುಡ್ಕಾ,

ಹೇಳಿಕೆ ಇದರ ಜೊತೆಗಿದೆ. ಎರಡು ಕರಡು ಮಾಡಿದೆ. ಮೊದಲನೆಯದರಲ್ಲಿ ನನ್ನನ್ನು ನಾನೇ ಹೊಗಳಿಕೊಂಡದ್ದು ಹೆಚ್ಚಾಗಿತ್ತು.

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ ನಾನೇ ಹೇಳಿದೆ. ಬೇರೆಯವರ ಬಾಯಿಂದ ಬರುವುದು ಬೇಡವೆನಿಸಿತು. "ಪದಕ ಇಲ್ಲ. ನಾನು ಬಾಟ್ಲಿ ತೊಳ್ದೆ, ವಿನೆಗರ್ ಹಾಕ್ದೆ, ಅದಕ್ಕೇ ಲೆಕ್ಕ ತಪ್ತು. ನನ್ ಮಗಳು ಅದನ್ನ ತಾನೇ ಹೋಗಿ ದೊಡ್ಡೋರ ಮುಂದೆ ಒಪ್ಕೊಂಡ್ಳು."

ಯಾರೂ ನಗಲಿಲ್ಲ. ಆಮೇಲೆ ಫ್ಲೋರೆಂಟಿನಾ ಮೆಲ್ಲಗೆ, "ಬಿಳಿ ಪುಡಿ ಇದ್ರೆ ನಾನೂ ತೊಳೀತಿದ್ದೆ ಕಣೆ" ಎಂದಳು. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಒಬ್ಬಳೂ ತೊಳೆಯದೆ ಬಿಡುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವಳು ನನಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಅವಳಿಗೆ ಹಾಗೆಂದು ಹೇಳಲಿಲ್ಲ.

ಗಾಜಿನ ಲೇಖನವನ್ನು ಗೋಡೆಯಿಂದ ಇಳಿಸಿದ್ದೇನೆ. ಅಲ್ಲಿ ಗೋಡೆಯ ಬಣ್ಣ ಬೇರೆಯಾಗಿ, ಚೌಕವಾಗಿ ಉಳಿದಿದೆ. ಝೆನೆಕ್ ಬಣ್ಣ ಬಳಿಯುತ್ತೇನೆ ಎಂದ. ಹಾಗೇ ಇರಲಿ ಎಂದೆ.

ಅಮ್ಮ


ಹೇಳಿಕೆ

ನಾನು, ಜೆನೊವೆಫಾ ವೊಯ್ಟಾಸಿಕ್, ೧೯೬೨ನೆಯ ಇಸವಿ ಡಿಸೆಂಬರ್ ೧೨ ಬುಧವಾರ ನನ್ನ ಹೊಲದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಬಾಟಲಿಗಳು ಹಿಂದಿನ ದಿನ ಮಧ್ಯಾಹ್ನ ಬಸ್ಸಿನಲ್ಲಿ ಬಂದವು. ಒಟ್ಟು ಹನ್ನೆರಡು. ಪ್ರತಿಯೊಂದರಲ್ಲಿಯೂ ಬಿಳಿ ಪುಡಿ ಇತ್ತು. ಅದು ಏನೆಂದು ನಾನು ಯಾರನ್ನೂ ಕೇಳಲಿಲ್ಲ. ಕೊಳೆ ಎಂದು ತಿಳಿದು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದೆ. ಒಣಗಿದ ಮೇಲೆ ಪ್ರತಿ ಬಾಟಲಿಗೂ ಒಂದು ಚಮಚ ಸೇಬಿನ ವಿನೆಗರ್ ಹಾಕಿದೆ. ಚಮಚ ಸಾರಿನದಲ್ಲ, ಚಹದ್ದು. ಬೆಳಿಗ್ಗೆ ಏಳರಿಂದ ಒಂಬತ್ತೂವರೆಯೊಳಗೆ ಹನ್ನೆರಡು ಬಾತುಗಳನ್ನು ಕೊಯ್ದು, ಒಂದೊಂದರ ರಕ್ತವನ್ನು ಒಂದೊಂದು ಬಾಟಲಿಗೆ ಹಿಡಿದು, ಮರದ ಕಡ್ಡಿಯಿಂದ ಕಲಕಿ, ಮುಚ್ಚಳ ಹಾಕಿದೆ. ರಕ್ತ ಕಂದು ಬಣ್ಣಕ್ಕೆ ತಿರುಗಿತ್ತು. ವಿನೆಗರ್ ಹಾಕಿದರೆ ಯಾವಾಗಲೂ ತಿರುಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಗಂಡ ಬಾಟಲಿಗಳನ್ನು ಬಸ್ಸಿಗೆ ಹಾಕಿ ಬಂದರು. ವಿನೆಗರ್ ಹಾಕಿದ್ದನ್ನು ಚೀಟಿಯಲ್ಲಿ ಬರೆಯಬಹುದಿತ್ತು. ನಾನು ಯಾವ ಚೀಟಿಯನ್ನೂ ಇಡಲಿಲ್ಲ.

ಅದಕ್ಕೆ ಹಿಂದಿನ ಎಲ್ಲ ದಿನಗಳಲ್ಲಿಯೂ ರಕ್ತ ತೆಗೆದವಳು ನನ್ನ ಮಗಳು. ತನ್ನ ಬಾಟಲಿಗಳನ್ನು ತಾನೇ ತಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಚೀಲವನ್ನು ನಾನು ಮುಟ್ಟುತ್ತಿರಲಿಲ್ಲ. ಅವಳ ಕೈಯಲ್ಲಿ ಯಾವ ತಪ್ಪೂ ಆಗಿಲ್ಲ.

ಆ ದಿನ ಮಗಳು ಬಂದಿರಲಿಲ್ಲ. ಅದಕ್ಕೆ ಕಾರಣ ನಾನು. ಮೂರು ವಾರ ಮೊದಲು, ನನ್ನ ಮೇಜಿಗೆ ಬಂದ ಒಬ್ಬ ಒಳ್ಳೆಯ ಹುಡುಗನಿಗೆ ನಾನು ಕೊಡಬಾರದ ಊಟ ಕೊಟ್ಟೆ. ಅವನು ಇನ್ನಷ್ಟು ಕೇಳಿದ. ಅವನಿಗೆ ಗೊತ್ತಿಲ್ಲವೆಂದು ತಿಳಿದೂ ಇನ್ನಷ್ಟು ಹಾಕಿದೆ. ಇದು ರಕ್ತದ ಸಂಗತಿ ಅಲ್ಲ ಎಂದು ಪತ್ರಿಕೆಯವರಿಗೆ ಅನ್ನಿಸಿದರೆ ಹೊಡೆದು ಹಾಕಲಿ. ನನ್ನ ಮಗಳು ಹೊಡೆದು ಹಾಕಬಾರದು.

ಇದರಲ್ಲಿ ಬಿಟ್ಟದ್ದಿಲ್ಲ, ಸೇರಿಸಿದ್ದಿಲ್ಲ.

ಜೆನೊವೆಫಾ ವೊಯ್ಟಾಸಿಕ್


ಮಿಲ್ವಾಕಿ
೩ ಡಿಸೆಂಬರ್

ಅಮ್ಮಾ,

ಹೇಳಿಕೆ ತಲುಪಿತು. ಪತ್ರಿಕೆಗೆ ಪ್ರತಿ ಮಾಡಿ ಕಳಿಸಿದ್ದೇನೆ. ಏನನ್ನೂ ಹೊಡೆದು ಹಾಕಿಲ್ಲ. ಮೂಲವನ್ನು ದಾಖಲೆ ಪುಸ್ತಕದಲ್ಲಿ, ತೊಂಬತ್ತೊಂದನೆಯ ಪುಟದ ಎದುರಿಗೆ ಅಂಟಿಸಿದ್ದೇನೆ.

ಎಟಿಯೆನ್ ಅದನ್ನು ನಿಂತುಕೊಂಡೇ ಓದಿದ. ಆಮೇಲೆ, "ಮೇಡಂ, ನಮ್ ಪ್ರಯೋಗಾಲಯದಲ್ಲಿ ಇಷ್ಟು ಚೆನ್ನಾಗಿ ದಾಖಲೆ ಬರೆಯೋರು ಯಾರಿದ್ದಾರೆ?" ಎಂದ. ನಿನಗೆ ಹೇಳಬೇಡ ಎಂದೂ ಹೇಳಿದ. ಬೈದವರನ್ನು ಹೊಗಳಿದ್ದು ಗೊತ್ತಾದರೆ ನಾಚಿಕೆಯಂತೆ.

ಇನ್ನೊಂದು ಕೆಲಸ ಉಳಿದಿದೆ. ವಿನೆಗರ್‌ನಿಂದಲೇ ಹಾಗಾಯಿತು ಎಂದು ನಾವು ಹೇಳಿದರೆ ಸಾಲದು, ತೋರಿಸಬೇಕು. ನಮ್ಮದೇ ತಳಿಯ ಬಾತು, ಅದೇ ಶೆಡ್ಡು, ಸಾಧ್ಯವಾದರೆ ಅದೇ ಕೈ. ಶನಿವಾರ ಬಸ್ಸಿನಲ್ಲಿ ಎಂಟು ಬಾಟಲಿ ಬರುತ್ತವೆ. ನಾಲ್ಕರಲ್ಲಿ ಬಿಳಿ ಪುಡಿ ಇದೆ. ನಾಲ್ಕು ಖಾಲಿ, ಅವಕ್ಕೆ ನಿನ್ನ ವಿನೆಗರ್. ಪುಡಿಯಿರುವುದನ್ನು ತೊಳೆಯಬೇಡ. ದೇವರಾಣೆಗೂ ತೊಳೆಯಬೇಡ.

ಈ ಸಲ ಬಾಟಲಿಗಳ ಹಿಂದೆ ನಾನೂ ಬರುತ್ತೇನೆ. ಶುಕ್ರವಾರ, ಹನ್ನೆರಡನೆಯ ತಾರೀಖು. ಎಟಿಯೆನ್ ಕಾರು ಓಡಿಸುತ್ತಾನೆ. ಅವನಿಗೆ ಕಪ್ಪು ಸಾರಿನ ರುಚಿ ನೋಡಬೇಕಂತೆ. ಮದುವೆಯಾದವನು, ಹೆಂಡತಿ ಮಾಂಟ್ರಿಯಲ್‌ನಲ್ಲಿದ್ದಾಳೆ. ಆದ್ದರಿಂದ ಅವನಿಗೆ ಬಡಿಸಬಹುದು.

ಲುಡ್ಕಾ


೮ ಡಿಸೆಂಬರ್

ಲುಡ್ಕಾ,

ಎಂಟು ಬಾತುಗಳನ್ನು ಬೇರೆ ಮಾಡಿ ಕೂಡಿಹಾಕಿದ್ದೇನೆ. ಚಾಕು ಝೆನೆಕ್ ಮಸೆದಿದ್ದಾನೆ. ಬಾಟಲಿ ಹಿಡಿಯುವುದು ನೀನು, ಕೊಯ್ಯುವುದು ನಾನು. ಪುಸ್ತಕದಲ್ಲಿ ಎರಡು ಹೆಸರೂ ಬರಲಿ, ಬಿಡಿ ಅಕ್ಷರ ಬೇಡ, ಪೂರ್ತಿ ಬರೆ.

ಶುಕ್ರವಾರವಾದ್ದರಿಂದ ಮಾಂಸವಿಲ್ಲ. ಕಪ್ಪು ಸಾರು ಶನಿವಾರಕ್ಕೆ. ಆ ಹುಡುಗನಿಗೆ ಎಷ್ಟು ಬೇಕಾದರೂ ಹಾಕುತ್ತೇನೆ. ನಿನಗೆ ಕೋಳಿ ಸಾರು ಮಾಡಿರುತ್ತೇನೆ. ನಿನ್ನ ಮುಂದೆ ಆ ಇನ್ನೊಂದು ಬಟ್ಟಲನ್ನು ನಾನು ಇಡುವುದಿಲ್ಲ.

ಕೋಟು ಹೊಲಿದು ಬಂತು. ನೀನು ಬೇಡ ಎಂದು ಬರೆಯುವಷ್ಟರಲ್ಲಿ ಬಟ್ಟೆ ಕತ್ತರಿಸಿ ಆಗಿತ್ತು. ಶುಕ್ರವಾರ ಬಾಗಿಲಿಗೆ ಬರುವಾಗ ಹಾಕಿಕೊಳ್ಳುತ್ತೇನೆ.

ಬಾಟಲಿಗಳು ಬಂದಿವೆ. ನಾಲ್ಕರಲ್ಲಿ ಪುಡಿ ಇದೆ. ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಎರಡು ದಿನದಿಂದ ಹೋಗುತ್ತ ಬರುತ್ತ ನೋಡುತ್ತಿದ್ದೇನೆ.

ತೊಳೆದಿಲ್ಲ.

ಅಮ್ಮ